ಆರ್ಲಿಸ್ ಹಚ್ಚುವ ಬೆಂಕಿ

ಅಮೆರಿಕದ ಅಯೋವಾದ ನಮ್ಮ ಊರಿನಲ್ಲಿ ಬೆಂಕಿಗೆ ಆರ್ಲಿಸ್‌ಳಷ್ಟು ಹೆದರುವವರು ಇನ್ನೊಬ್ಬರಿಲ್ಲ. ಅವಳು ಎಂಟು ವರ್ಷದವಳಿದ್ದಾಗ ಅಪ್ಪನ ಲಾಯ ಸುಟ್ಟಿತ್ತು. ಕುದುರೆಗಳ ಕೂಗು ಇನ್ನೂ ಕಿವಿಯಲ್ಲಿದೆ ಎನ್ನುತ್ತಾಳೆ. ಅಂಥವಳು ಶಾಲೆಯ ಅಡುಗೆ ಕೆಲಸದಿಂದ ನಿವೃತ್ತಳಾದ ಮೇಲೆ ಹಿತ್ತಿಲಲ್ಲಿ ಹಾಕಿದ್ದು, ಬೆಂಕಿಯಿಲ್ಲದೆ ಬಾಳದ ಬಯಲುಹೂಗಳನ್ನು.

ನೇಗಿಲು ಕಾಣದ ಹಳೇ ಸ್ಮಶಾನದ ಮೂಲೆಯಲ್ಲಿ ಉಳಿದಿದ್ದ ಹೂಗಳಿಂದ ಬೀಜ ಆಯ್ದು ತಂದಳು. ಎರಡು ವರ್ಷ ಕಂಡದ್ದು ಬರೀ ಕಳೆ.

"ಹೂವೆಲ್ಲಿ ಆರ್ಲಿಸ್, ಸ್ಮಶಾನದಲ್ಲೇ ಮರೆತು ಬಂದ್ಯಾ?" ಎಂದು ಪಕ್ಕದ ಮನೆಯ ನಾನು ಕೆಣಕುತ್ತಿದ್ದೆ.

"ಬೇರು ಇಳೀತಿದೆ ಲೋವೆಲ್. ನಿನ್ ಅಂಗಳದ ಹುಲ್ಲುಹಾಸಿಗೆ ಆ ಕಷ್ಟ ಎಲ್ಲಿ ಗೊತ್ತು!"

ಮೂರನೇ ಬೇಸಿಗೆಗೆ ನೇರಳೆ, ಹಳದಿ ಹೂಗಳು ಎದೆಯೆತ್ತರ ನಿಂತವು. ಮೂರು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಒಣಕಡ್ಡಿ ಸುಡದಿದ್ದರೆ ಹೊರಗಿನ ಹುಲ್ಲು ಅವನ್ನು ನುಂಗಿಬಿಡುತ್ತದೆ. ಅದಕ್ಕೇ ಸುಡುತ್ತಾಳೆ. ಮೊದಲ ದಿನ ನಮ್ಮ ಬದಿಗೆ ಹತ್ತಡಿ ಅಗಲ ಸುಟ್ಟು ಕರಿಪಟ್ಟಿ ಮಾಡುತ್ತಾಳೆ. ಮರುದಿನ ಆಚೆ ಬದಿ ಹಚ್ಚಿದ ಬೆಂಕಿ ಗಾಳಿಯ ಜೊತೆ ಓಡಿಬಂದು, ಕರಿಪಟ್ಟಿಯಲ್ಲಿ ತಿನ್ನಲು ಏನೂ ಸಿಗದೆ ಆರುತ್ತದೆ.

ಒಂದು ವರ್ಷ ಆ ಪಟ್ಟಿ ನೋಡಿ ನನಗೆ ಪಿತ್ತ ನೆತ್ತಿಗೇರಿತು. ನಾನು ಮಗುವಿನಂತೆ ಸಾಕಿದ ಹುಲ್ಲುಹಾಸಿನ ಪಕ್ಕ ಮಸಿ! ಸಂಜೆ ನಮ್ಮ ಜಗಲಿಯಡಿಯ ಒಣಎಲೆಗಳನ್ನು ತಂತಿಪೊರಕೆಯಿಂದ ಎಳೆದು ಆ ಮಸಿ ಕಾಣದಂತೆ ಮುಚ್ಚಿಬಿಟ್ಟೆ. ಜಗಲಿಯಿಂದ ಪಟ್ಟಿಯವರೆಗೆ ದಾರಿಯುದ್ದಕ್ಕೂ ಎಲೆ ಚೆಲ್ಲಿತ್ತು.

ಮರುದಿನ ಒಳಗೆ ಹೆಂಡತಿ ಡೊರೀನ್‌ಗೆ ಸೂಪ್ ಕುಡಿಸುತ್ತಿದ್ದೆ. ಅವಳು ಆಗಲೇ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಮೂಗಿಗೆ ನಳಿಕೆ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್. ಹೊಗೆ ಮೂಗಿಗೆ ಬಡಿಯಿತು. ಹೊರಗೆ ಬಂದೆ. ನನಗಿಂತ ಎತ್ತರದ ಬೆಂಕಿ ಓಡಿಬರುತ್ತಿತ್ತು. ಆಗ ಎಲೆಗಳ ನೆನಪಾಯಿತು.

"ಆರ್ಲಿಸ್! ಎಲೆ! ಎಲೆ!"

ಬೆಂಕಿ ಪಟ್ಟಿಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ದಾಟಿ ನಮ್ಮ ಅಂಗಳಕ್ಕಿಳಿಯಿತು. ನಾನು ನಿಂತಲ್ಲೇ ನಿಂತಿದ್ದೆ. ಹೊಗೆಯೊಳಗಿಂದ ಆರ್ಲಿಸ್ ಒದ್ದೆ ಗೋಣಿ ಹಿಡಿದು ಓಡಿಬಂದಳು. ಮುಖ ಬಿಳಿಚಿತ್ತು, ಎಂಟು ವರ್ಷದ ಹುಡುಗಿಯಂತೆ ಚೀರುತ್ತಿದ್ದಳು. ಚೀರುತ್ತಲೇ ಬಡಿದಳು.

"ಕಂಬದ ಹಾಗೆ ನಿಂತಿದ್ದೀಯಲ್ಲೋ! ಎಲೆ ಎಳಿ! ಒಳಗೆ ಡೊರೀನ್ ಇದ್ದಾಳೆ!"

ನಾನು ಕೈಯಿಂದಲೇ ಬಾಚಿ ಎಸೆದೆ. ಜಗಲಿಗೆ ಮೂರಡಿ ಇರುವಾಗ ಬೆಂಕಿ ಸತ್ತಿತು. ಕಿಟಕಿ ಪಕ್ಕದ ಹಾಸಿಗೆಯಿಂದ ಡೊರೀನ್ ಏನೂ ತಿಳಿಯದೆ ನಗುತ್ತ ಕೈ ಬೀಸಿದಳು, ಪಾಪ.

ಆರ್ಲಿಸ್ ಮಸಿಯಲ್ಲೇ ಕುಸಿದು ಕೂತಳು. "ಎಲೆ ಎಲ್ಲಿಂದ ಬಂತು?"

"ಗಾಳಿ ತಂದಿರ್ಬೇಕು," ಎಂದು ಹೆಗಲು ಮುಟ್ಟಿಕೊಂಡ ಕುಂಬಳಕಾಯಿ ಕಳ್ಳನಾದೆ.

ನೆಲದ ಮೇಲಿನ ಗೀರುಗಳನ್ನು ನೋಡಿದಳು. "ಗಾಳಿಗೆ ಪೊರಕೆ ಹಿಡಿಯೋಕೂ ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು."

ಡೊರೀನ್‌ಗೆ ಇವತ್ತಿಗೂ ಅವಳು ಹೇಳಿಲ್ಲ. ನನಗಂತೂ ಹೇಳುವ ಧೈರ್ಯವಿಲ್ಲ. ಈಗ ಸುಡುವ ವರ್ಷ ಬಂದರೆ ಆರ್ಲಿಸ್ ಮೊದಲು ಡೊರೀನ್‌ಳನ್ನು ಸಿಲಿಂಡರ್ ಸಮೇತ ಕಾರಿನಲ್ಲಿ ಚರ್ಚಿಗೆ ಬಿಟ್ಟುಬರುತ್ತಾಳೆ. ಆಮೇಲೆ ನನ್ನ ಪೊರಕೆ ಎತ್ತಿಕೊಂಡು ಹೋಗಿ, ತನ್ನ ಕಾರಿನಲ್ಲಿಟ್ಟು ಬೀಗ ಹಾಕುತ್ತಾಳೆ. ಆಮೇಲೆಯೇ ಬೆಂಕಿಕಡ್ಡಿ ಗೀರುತ್ತಾಳೆ.