ಸಂಗಮದ ಜುಮ್ಮು

ಕವಲಂದೆಯ ಹೆಂಗಸೊಬ್ಬರು ಫ್ಯಾನಿನ ರೆಗ್ಯುಲೇಟರ್ ಕೊಳ್ಳಲು ನಂಜನಗೂಡಿನ ನನ್ನ ಅಂಗಡಿಗೆ ಬಂದಿದ್ದರು. ಹಿಂದಿನ ದಿನ ತಿ. ನರಸೀಪುರದ ಸಂಗಮದಲ್ಲಿ ಸ್ನಾನ ಮಾಡಿಕೊಂಡು ಬಂದವರು. ಆ ಸಂತೋಷ ಇನ್ನೂ ಮುಖದ ಮೇಲಿತ್ತು.

“ಏನ್ ಮೈಮೆ ಅಂತೀರಿ ಸಾ! ಆ ಕಬ್ಬಿಣದ್ ದೋಣಿ ಕಟ್ಟವ್ರಲ್ಲ, ಆ ಮೆಟ್ಲತ್ರ ನೀರಿಗಿಳುದ್ರೆ ಕಾಲೆಲ್ಲ ಜುಮ್ಮಂತದೆ. ಕಣ್ಗೆ ಕಾಣ್ದಿರೋ ಮೂರ್ನೇ ಒಳೆ ಅಲ್ಲೇ ಅರೀತದಂತೆ. ನನ್ ಮಂಡಿನೋವು ಅರ್ಧ ಓಯ್ತು ನೋಡಿ.”

ರೆಗ್ಯುಲೇಟರನ್ನು ಕಾಗದದಲ್ಲಿ ಸುತ್ತುತ್ತಿದ್ದವನು ಹಾಗೇ ನಿಂತೆ. ಸಂಗಮದಲ್ಲಿ ಕಬ್ಬಿಣದ ದೋಣಿ ಇರುವುದು ಒಂದೇ, ಅದು ನನ್ನ ಬಾವನದು. ಆ ಜುಮ್ಮು ಏನೆಂದು ಮೂವತ್ತು ವರ್ಷದಿಂದ ವೈರಿಂಗ್ ಮಾಡುತ್ತಿರುವ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ, ಅವಳೂ ಎತ್ತಲಿಲ್ಲ. ಅಕ್ಕ ದಿನಾ ಬೆಳಿಗ್ಗೆ ಸೊಂಟದವರೆಗೆ ಅದೇ ನೀರಿನಲ್ಲಿ ನಿಂತು, ತೆಂಗಿನ ನಾರಿನಿಂದ ದೋಣಿಯ ಪಾಚಿ ಉಜ್ಜುತ್ತಾಳೆ. ಕರೆಂಟು ಅಳೆಯುವ ಮೀಟರನ್ನು ಚೀಲಕ್ಕೆ ಹಾಕಿಕೊಂಡು, ಅಂಗಡಿಯ ಶಟರ್ ಎಳೆದು, ಸುತ್ತೂರಿನ ಮೇಲೆ ನರಸೀಪುರಕ್ಕೆ ಹೋಗುವ ಬಸ್ಸು ಹತ್ತಿದೆ. ಬಸ್ಸು ಪ್ರತಿ ಊರಿನಲ್ಲೂ ನಿಂತಿತು. ಡ್ರೈವರನ ಮೇಲೆ ಎರಡು ಸಲ ರೇಗಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಹೊಳೆಯ ಹತ್ತಿರ ಹೋಗಿ ನೋಡಿದರೆ ಮೈಯೆಲ್ಲ ಉರಿದುಹೋಯಿತು. ದೋಣಿ ಕಟ್ಟಿದ್ದ ಕಡೆ ಮೆಟ್ಟಿಲಿಗೆ ಅರಿಶಿನ ಕುಂಕುಮ ಬಳಿದು ಸೇವಂತಿಗೆ ಇಟ್ಟಿದ್ದರು. ಏಳೆಂಟು ಜನ ಸಾಲಾಗಿ ಕೂತು ನೀರಿಗೆ ಕಾಲು ಬಿಟ್ಟುಕೊಂಡು ನಗುತ್ತಿದ್ದರು. ಒಬ್ಬ ತಾಯಿ ಕೂಸಿನ ಪಾದಗಳನ್ನು ನೀರಿಗೆ ಅದ್ದಿ ಅದ್ದಿ ತೆಗೆಯುತ್ತಿದ್ದಳು. ಮೇಲೆ ನೋಡಿದೆ. ದಡದ ಟೀ ಅಂಗಡಿಯಿಂದ ದೋಣಿಗೆ ಕರೆಂಟು ಬರುತ್ತಿತ್ತು, ಒಂದು ವೈರಿನಲ್ಲಿ. ಒಂದೇ ಒಂದು ವೈರಿನಲ್ಲಿ!

ಅಂಗಡಿಗೆ ನುಗ್ಗಿ ಪ್ಲಗ್ ಕಿತ್ತೆಸೆದೆ. ನೀರಿನಲ್ಲಿದ್ದವರಿಗೆ ಜುಮ್ಮು ನಿಂತದ್ದು ತಕ್ಷಣ ಗೊತ್ತಾಯಿತು. “ಯಾವನ್ಲಾ ಅವ್ನು?” ಎಂದು ಒಬ್ಬ ಎದ್ದು ಬಂದ. ದೇವರ ಕೆಲಸಕ್ಕೆ ಅಡ್ಡ ಬಂದವನನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು. ನಾನು ಬಾಯಿಗೆ ಬಂದಂತೆ ಬೈದೆ. ಬರೆಯುವಂಥ ಮಾತುಗಳಲ್ಲ.

ಆ ದೋಣಿಯ ವಿಷಯ ಹೇಳಿಬಿಡುತ್ತೇನೆ. ಬಾವನ ತಂದೆಯ ಕಾಲದ್ದು. ಜನರನ್ನು ಈ ದಡದಿಂದ ಆ ದಡದ ದೇವಸ್ಥಾನಕ್ಕೆ ದಾಟಿಸುವುದು ಅದರ ಕೆಲಸ. ಆಗ ಅದರಲ್ಲಿ ಹುಟ್ಟು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಒಂದೊಂದಾಗಿ ಸೇರಿತು: ಬ್ಯಾಟರಿ, ಅದಕ್ಕೊಂದು ಚಾರ್ಜರ್, ಬಣ್ಣದ ಬಲ್ಬುಗಳ ಸಾಲು, ಜನರನ್ನು ಕೂಗಲು ಮೈಕು, ತಳದಲ್ಲಿ ಜಿನುಗುವ ನೀರನ್ನು ಹೊರಹಾಕಲು ಸಣ್ಣದೊಂದು ಮೋಟಾರು. ದಡದಲ್ಲಿ ಕಟ್ಟಿದ್ದಾಗ ಇವೆಲ್ಲಕ್ಕೂ ದಡದ ಕರೆಂಟೇ ಬೇಕು. ಕರೆಂಟಿಗೆ ಹೋಗಲು ಒಂದು ದಾರಿ ಇದ್ದರೆ ವಾಪಸು ಬರಲು ಇನ್ನೊಂದು ದಾರಿ ಬೇಕು. ಅದಕ್ಕೇ ಎರಡು ವೈರು; ವಾಪಸು ಬರುವುದಕ್ಕೆ ನ್ಯೂಟ್ರಲ್ ಅನ್ನುತ್ತೇವೆ. ಬಾವ ಎರಡನೆಯ ವೈರನ್ನು ಎಳೆದೇ ಇರಲಿಲ್ಲ. ಬಲ್ಬಿನ, ಚಾರ್ಜರಿನ, ಮೋಟಾರಿನ ಇನ್ನೊಂದು ತುದಿಯನ್ನು ದೋಣಿಯ ಕಬ್ಬಿಣಕ್ಕೇ ಬೋಲ್ಟು ಹಾಕಿ ಬಿಗಿದುಬಿಟ್ಟಿದ್ದ. ಕರೆಂಟು ದೋಣಿಯಿಂದ ಹೊಳೆಗೆ ಇಳಿದು, ನೀರಿನ ಮೂಲಕ, ಅಲ್ಲಿ ಯಾರಿದ್ದರೆ ಅವರ ಮೈಯ ಮೂಲಕ ಹಿಂದಕ್ಕೆ ಹೋಗುತ್ತಿತ್ತು.

ಬಾವ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಂದ. ನಮ್ಮ ಸೋದರತ್ತೆಯ ಮಗನೇ ಅವನು. ಇದೇ ಹೊಳೆಯಲ್ಲಿ ಇಬ್ಬರೂ ಒಟ್ಟಿಗೆ ಈಜು ಕಲಿತವರು, ಹಾಗಾಗಿ ನಮ್ಮಿಬ್ಬರದು ಏಕವಚನ.

“ಬಾವ, ಅರ್ಥ್ ವೈರ್ ಎಲ್ಲಿ? ನ್ಯೂಟ್ರಲ್ ಎಲ್ಲಿ?”

“ಅಲ್ಲ ಕಣ್ಲಾ, ದೋಣಿ ನೀರಲ್ಲೇ ಅದೆ. ನಿಮ್ಮನೇಲಿ ಅರ್ಥಿಂಗು ಅಂತ ಗುಂಡಿ ತೋಡಿ ಉಪ್ಪು ಆಕಿ ನೀರು ಉಯ್ತೀಯ. ಇಲ್ಲಿ ಒಳೆ ಒಳೆನೇ ಅದೆ. ಇದುಕ್ಕಿಂತ ಅರ್ಥಿಂಗ್ ಬೇಕೇನ್ಲಾ?”

“ಜನ ಸಾಯ್ತಾರೆ! ನೀರಲ್ಲಿ ಕೈಕಾಲು ಸೆಟ್ಕೊಂಡ್ರೆ ಕೂಗೋಕೂ ಆಗಲ್ಲ, ಹಂಗೇ ಮುಳುಗೋಯ್ತಾರೆ. ಯಾರು ಏಳ್ಕೊಟ್ರು ನಿಂಗೆ ಈ ಬುದ್ಧೀನ?”

ಬಾವ ಕಡ್ಡಿಯನ್ನು ಬಾಯಿಂದ ತೆಗೆದು ನನ್ನನ್ನೇ ನೋಡಿದ. “ನೀನೇ. ನಮ್ಮ ಮದ್ವೆ ಚಪ್ರದಲ್ಲಿ.”

ನಿಜ. ಅಕ್ಕನ ಮದುವೆಯಲ್ಲಿ ಚಪ್ಪರದ ನ್ಯೂಟ್ರಲ್ ತುಂಡಾಗಿ ದೀಪ ಹೋದಾಗ, ನೆಲಕ್ಕೆ ಒಂದು ಹಾರೆ ಹೊಡೆದು, ಬುಡಕ್ಕೆ ಉಪ್ಪುನೀರು ಸುರಿದು, ಒಂದೇ ವೈರಿನಲ್ಲಿ ಇಡೀ ಚಪ್ಪರ ಬೆಳಗಿಸಿದ್ದೆ. ಆಗಷ್ಟೇ ಕೆಲಸ ಕಲಿತ ಕೊಬ್ಬು. ಬೀಗರೆಲ್ಲ ಭೇಷ್ ಅಂದಿದ್ದರು. ಆ ಹಾರೆಯ ಸುತ್ತ ಮಕ್ಕಳು ಓಡಾಡುತ್ತಿದ್ದರು ಎಂಬುದು ಈಗ ನೆನಪಿಗೆ ಬಂತು. ನಮ್ಮ ಕಡೆಯ ಹೊಲಗಳಲ್ಲಿ, ಕಣಗಳಲ್ಲಿ ಈ ಕಸುಬು ಇವತ್ತಿಗೂ ನಡೆಯುತ್ತದೆ. ಮಾಡಿದವನನ್ನು ಜಾಣ ಅನ್ನುತ್ತಾರೆ. ನನ್ನನ್ನೂ ಅಂದಿದ್ದರು.

ಅಷ್ಟರಲ್ಲಿ ಅಕ್ಕ ಬಂದಳು. “ಎಷ್ಟೊತ್ತಿಗ್ ಬಂದ್ಯಪ್ಪ? ಊಟ ಆಯ್ತಾ?” ಅಂದಳು. ನಾನು ಉತ್ತರ ಕೊಡದೆ, ನೀರಿಗೆ ಇಳಿದಾಗ ಕಾಲು ಜುಮ್ಮೆನ್ನುತ್ತದೆಯೇ ಎಂದು ಕೇಳಿದೆ.

“ಅಂತದೆ. ಅದು ಸಕ್ರೆ ಕಾಯ್ಲೆ ಕಣಪ್ಪ, ನರ ಸೋತದೆ ಅಂದ್ರಲ್ಲ ಡಾಕ್ಟ್ರು. ಮಾತ್ರೆ ನುಂಗ್ತಿವ್ನಿ.”

ಆ ಡಾಕ್ಟರಿರುವುದು ನಂಜನಗೂಡಿನಲ್ಲಿ, ನನ್ನ ಅಂಗಡಿಯಿಂದ ಎರಡು ಬೀದಿ ಆಚೆ. ಮಾತ್ರೆ ತೆಗೆದುಕೊಳ್ಳಲು ಬಂದಾಗಲೆಲ್ಲ ಅಕ್ಕ ನಮ್ಮ ಮನೆಯಲ್ಲೇ ಊಟ ಮಾಡುತ್ತಿದ್ದಳು. ಕಾಲು ಜುಮ್ಮೆನ್ನುವ ವಿಷಯವನ್ನು ನನ್ನ ತಟ್ಟೆಯ ಮುಂದೆಯೇ ಎಷ್ಟೋ ಸಲ ಹೇಳಿದ್ದಳು. ಅನ್ನ ಕಮ್ಮಿ ಮಾಡು ಅಂದಿದ್ದೆ ನಾನು. ಯಾವಾಗ ಜುಮ್ಮೆನ್ನುತ್ತದೆ, ಎಲ್ಲಿ ನಿಂತಾಗ ಎಂದು ಒಂದು ಮಾತು ಕೇಳಿರಲಿಲ್ಲ. ಗಿರಾಕಿಗಳ ಮನೆಯ ಗೀಸರ್ ಷಾಕ್ ಹೊಡೆದರೆ ಇಪ್ಪತ್ತು ಪ್ರಶ್ನೆ ಕೇಳುವ ಮನುಷ್ಯ ನಾನು. ಅವತ್ತು ಬಾವನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದದ್ದೇ ಹೆಚ್ಚು.

ಮಾರನೆಯ ದಿನ ಸಾಮಾನು ತಂದು ಕೆಲಸಕ್ಕೆ ಕೂತೆ. ಹಳೆಯದೆಲ್ಲವನ್ನೂ ಕಿತ್ತು ಹಾಕಿದೆ. ಕಿತ್ತಂತೆಲ್ಲ ಇನ್ನಷ್ಟು ಸಿಟ್ಟು ಬಂತು: ಇನ್ಸುಲೇಷನ್ ಟೇಪಿನ ಬದಲು ಪ್ಲಾಸ್ಟಿಕ್ ಚೀಲ ಸುತ್ತಿದ ಜಾಯಿಂಟುಗಳು, ಇಲಿ ಕಡಿದ ವೈರು, ಫ್ಯೂಸಿನ ಜಾಗದಲ್ಲಿ ಬೇಲಿ ತಂತಿ. ದಡದಿಂದ ದೋಣಿಯವರೆಗೆ ಮೂರು ಎಳೆಯ ದಪ್ಪ ರಬ್ಬರ್ ಕೇಬಲ್ ಎಳೆದೆ. ಡ್ಯಾಮಿನಿಂದ ನೀರು ಬಿಟ್ಟಾಗ ದೋಣಿ ಮೇಲೇಳುತ್ತದಲ್ಲ, ಆಗ ಜಗ್ಗದಿರಲಿ ಎಂದು ಸಡಿಲ ಬಿಟ್ಟು ಕಂಬದ ಮೇಲಿನಿಂದ ತಂದೆ. ಎಲ್ಲೂ ನೀರಿಗೆ ತಾಗದ ಹಾಗೆ. ಹಸಿರು ಅರ್ಥ್ ವೈರನ್ನು ದೋಣಿಯ ಕಬ್ಬಿಣಕ್ಕೂ ದಡದಲ್ಲಿ ಹೊಸದಾಗಿ ತೋಡಿಸಿದ ಅರ್ಥ್ ಗುಂಡಿಗೂ ಸೇರಿಸಿದೆ. ಕೊನೆಗೆ ಟೀ ಅಂಗಡಿಯ ಗೋಡೆಗೆ ಟ್ರಿಪ್ಪರ್ ಹಾಕಿದೆ. ಕರೆಂಟು ಹೋದಷ್ಟೇ ವಾಪಸು ಬರದೆ ಒಂಚೂರು ಬೇರೆ ಕಡೆ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದುಬಿಡುವ ಸ್ವಿಚ್ಚು ಅದು. ಹಾಕಿದ ಕೂಡಲೇ ಬಿತ್ತು. ಹುಡುಕಿದರೆ ನೀರೆತ್ತುವ ಮೋಟಾರು ಸೋರುತ್ತಿತ್ತು, ಅದನ್ನೂ ಬದಲಾಯಿಸಿದೆ. ಆಮೇಲೆ ಬೀಳದೆ ನಿಂತಿತು. ಮೀಟರಿನ ಕಡ್ಡಿಗಳನ್ನು ನೀರಿಗೆ ಅದ್ದಿ ಮೆಟ್ಟಿಲುದ್ದಕ್ಕೂ ನೋಡಿದೆ. ಎಲ್ಲೂ ಏನೂ ಇರಲಿಲ್ಲ.

“ಬಾವ, ಇದು ಬಿದ್ರೆ ಎಲ್ಲೋ ಸೋರ್ತಾ ಅದೆ ಅಂತ ಅರ್ಥ. ಮುಟ್ಬ್ಯಾಡ. ಫೋನ್ ಮಾಡು, ನಾನ್ ಬತ್ತೀನಿ.”

“ಆಯ್ತು ಬುಡು,” ಅಂದ ಬಾವ. ಜುಮ್ಮು ನಿಂತುಹೋಯಿತೆಂದು ಮೆಟ್ಟಿಲ ಮೇಲೆ ಗೊಣಗುತ್ತಿದ್ದ ಜನರನ್ನೇ ನೋಡುತ್ತಿದ್ದ ಅವನು. ಅವರಲ್ಲಿ ಅರ್ಧ ಜನ ಅವನ ದೋಣಿ ಹತ್ತುವವರು.

ಫೋನ್ ಬರಲಿಲ್ಲ. ತಿಂಗಳು ಕಳೆಯುವುದರೊಳಗೆ ನನಗೇ ತಡೆಯಲಾಗದೆ ಮೊದಲ ಬಸ್ಸಿಗೆ ಹೊರಟೆ. ಮೆಟ್ಟಿಲ ಮೇಲೆ ಹೊಸ ಕುಂಕುಮ ಕಂಡಿತು. ಅಂಗಡಿಯ ಗೋಡೆಯಲ್ಲಿ ಟ್ರಿಪ್ಪರ್ ಹಾಗೇ ಇತ್ತು, ವೈರು ಮಾತ್ರ ಅದರೊಳಗೆ ಹೋಗದೆ ಪಕ್ಕದಲ್ಲಿ ನೇರವಾಗಿ ಸಾಗಿತ್ತು. ನಾನು ಹಾಕಿದ್ದ ಹಸಿರು ವೈರನ್ನು ಕತ್ತರಿಸಿ, ಅದರಲ್ಲಿ ಅಂಗಡಿಯ ಟಾರ್ಪಾಲನ್ನು ಬಿಗಿದಿದ್ದರು. ನೀರಿನಲ್ಲಿ ಅಕ್ಕ ಸೊಂಟದವರೆಗೆ ನಿಂತು, ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದು ಪಾಚಿ ಉಜ್ಜುತ್ತಿದ್ದಳು.

ಕೂಗಲಿಲ್ಲ. ಕೂಗಿದರೆ ಗಾಬರಿಯಲ್ಲಿ ಅವಳು ಕಬ್ಬಿಣವನ್ನು ಇನ್ನೂ ಬಿಗಿಯಾಗಿ ಹಿಡಿದಾಳೆಂದು ಹೆದರಿಕೆಯಾಯಿತು. ಸದ್ದಿಲ್ಲದೆ ಪ್ಲಗ್ ಕಿತ್ತೆ. ಕೇಬಲ್ಲಿನ ತುದಿಯನ್ನು ಮೀಟರಿನಲ್ಲಿ ಎರಡು ಸಲ ನೋಡಿ, ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕೆಳಗಿಳಿದೆ.

ಬಾವ ದೋಣಿಯೊಳಗೆ ನಿಂತು ಮೈಕಿನ ವೈರು ಸುತ್ತುತ್ತಿದ್ದ. ನನ್ನ ಮುಖ ನೋಡಿದವನೇ ಶುರು ಮಾಡಿದ: “ಅದು ಸುಮ್ಸುಮ್ನೆ ಬೀಳ್ತದೆ ಕಣ್ಲಾ. ದಿನುಕ್ಕೆ ನಾಕ್ ಸಲ. ಯಾವಾರ ಮಾಡಾದೋ, ಅದ್ನೇ ಎತ್ತುತ್ತಾ ಕೂರದೋ?”

“ಬೈಯ್ಬ್ಯಾಡ ಬುಡಪ್ಪ,” ಅಕ್ಕ ನೀರಿನಿಂದಲೇ ಅಂದಳು. “ಮಳೆ ಉಯ್ದು ಆ ಸ್ವಿಚ್ಚು ಒಂದೇ ಸಮ ಬೀಳೋದು. ಇವ್ರಿಗೂ ಸಾಕಾಗೋಗಿತ್ತು.” ಮತ್ತೆ ಗಂಡನ ಕಡೆ ತಿರುಗಿ, “ನೀವೂ ಒಂದ್ ಫೋನ್ ಮಾಡ್ಬೋದಿತ್ತು,” ಅಂದಳು.

ಜಗಳವಾಡಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಬೆಂಕಿಯಂಥ ಸಿಟ್ಟೂ ಒಂದು ಹಂತ ದಾಟಿದರೆ ತಣ್ಣಗಾಗುತ್ತದೆ ಎಂದು ಅವತ್ತು ತಿಳಿಯಿತು. “ಬಾವ,” ಅಂದೆ, “ಅಕ್ಕ ಮೇಲೆ ಬರ್ಲಿ. ಇವತ್ತು ನೀನ್ ಇಳ್ದು ಉಜ್ಜು.”

ಅವನು ನಕ್ಕ. ಅಂಗಿ ಬಿಚ್ಚಿ ಹಲಗೆಯ ಮೇಲೆ ಹಾಕಿದ. ಪಂಚೆ ಎತ್ತಿ ಕಟ್ಟಿ, ದೋಣಿಯ ಅಂಚಿನ ಮೇಲೆ ಒಂದು ಕಾಲಿಟ್ಟ. ನೀರಿನ ಕಡೆ ನೋಡಿ ಆ ಕಾಲನ್ನು ವಾಪಸು ಎಳೆದುಕೊಂಡ.

“ಒಸಿ ತಡಿ,” ಅಂದ. “ಸ್ವಿಚ್ ಆರ್ಸ್‌ಬುಟ್ಟು ಇಳೀತೀನಿ.”

ಪ್ಲಗ್ ಕಿತ್ತದ್ದು ಅವನಿಗೆ ಗೊತ್ತಿರಲಿಲ್ಲ. ಅಕ್ಕನ ಕೈಯಲ್ಲಿದ್ದ ನಾರು ದೋಣಿಯ ಮೇಲೆ ಹಾಗೇ ನಿಂತಿತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ದೋಣಿಯನ್ನು ಮುಟ್ಟದೆ ಒಂದೊಂದೇ ಹೆಜ್ಜೆ ಇಟ್ಟು ಮೆಟ್ಟಿಲು ಹತ್ತಿ, ಸೀರೆಯ ನೆರಿಗೆ ಹಿಂಡಿಕೊಂಡಳು.

“ನಾನು ಇಳ್ಯವಾಗ ಒಂದ್ ದಿನ ಆರ್ಸಿದ್ದೀಯಾ?” ಅಂದಳು.

ಮದುವೆಯಾದಾಗಿನಿಂದ ಅಕ್ಕ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಬಾವ ಒಂದು ಕಾಲು ಅಂಚಿನ ಹತ್ತಿರ, ಒಂದು ಕಾಲು ಹಲಗೆಯ ಮೇಲೆ ಇಟ್ಟುಕೊಂಡು ನಿಂತೇ ಇದ್ದ. ಅಕ್ಕ ತೆಂಗಿನ ನಾರನ್ನು ಅವನ ಎದೆಗೆ ಎಸೆದಳು.

“ಇನ್ಮೇಲೆ ನೀನೇ ಉಜ್ಕೋ.”