ಕಾಟಾಕ್ಕೆ ಮಾತು ಕಲಿಸಿದ ಚೇತನಾ

ಆಂಧ್ರದ ಗಡಿ ಊರು ಆದೋನಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಚೇತನಾ ಅಡುಗೆಮನೆಯ ಮೂಲೆಯಲ್ಲಿರುವ ಹಳೇ ತೂಕದ ಕಾಟಾದ ಮೇಲೆ ರುಬ್ಬುವ ಗುಂಡನ್ನು ಎತ್ತಿಡುತ್ತಾರೆ. 'ಎಂಟು ಕಿಲೋ' ಎನ್ನುತ್ತದೆ ಕಾಟಾ. ಲ್ಯಾಪ್‌ಟಾಪಿನಲ್ಲಿ ಏನೋ ತಿದ್ದಿ ಮತ್ತೆ ಇಡುತ್ತಾರೆ. ಮತ್ತೆ ಎಂಟು ಕಿಲೋ. "ಆ ಗುಂಡು ಬಿಡವ್ವಾ ಇನ್ನ, ಚಟ್ನಿ ನಾನೇನ್ ಕೈಲೆ ಅರೀಲೇನು?" ಎಂದು ಅತ್ತೆ ಬಸಲಿಂಗಮ್ಮ ಗದರುತ್ತಾರೆ.

ತೂಕದ ಅಂಕಿಯನ್ನು ಮಾತಾಗಿಸುವ ಸಣ್ಣದೊಂದು ಲೈಬ್ರರಿ ಚೇತನಾ ಬರೆದದ್ದು. ಪುಸ್ತಕದ ಲೈಬ್ರರಿಯಲ್ಲ, ಬೇರೆಯವರು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್. ಆಸ್ಪರಿ, ದೇವನಕೊಂಡದ ಸುತ್ತ ಹತ್ತಿ ತೂಗುವ ನಲವತ್ತೊಂದು ಕಾಟಾಗಳು ಅದರಿಂದಲೇ ಬಾಯಿಬಿಡುತ್ತವೆ. ಅಂಕಿ ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಆ ದನಿಯೇ ಸಾಕ್ಷಿ. ಚೇತನಾರ ಹೆಸರು ಮಾತ್ರ ಯಾವ ಕಾಟಾದ ಮೇಲೂ ಇಲ್ಲ.

ಎರಡು ವರ್ಷದ ಹಿಂದೆ ಅವರು ಅದಕ್ಕೆ ತೆಲುಗನ್ನೂ ಸೇರಿಸಿದರು. ಸೇರಿಸಿದ್ದು ತಪ್ಪಲ್ಲ. ಆದರೆ ಯಾವ ಭಾಷೆ ಎಂದು ಪ್ರೋಗ್ರಾಮು ಹೇಳದಿದ್ದರೆ ತೆಲುಗೇ ಎಂದು ಬರೆದುಬಿಟ್ಟರು. ಹಳೇ ಪ್ರೋಗ್ರಾಮುಗಳೋ, ಭಾಷೆಯ ಸುದ್ದಿಯನ್ನೇ ಎತ್ತಿದವಲ್ಲ; ಅವೆಲ್ಲ ತೆಲುಗಿಗೆ ತಿರುಗಿದವು. "ನಮ್ ಕಡಿ ಎಲ್ಲಾರಿಗೂ ಎರಡೂ ಬರ್ತಾವಲ್ರಿ, ಏನಾಗ್ತತಿ ಅನ್ಕಂಡೆ. ಒಂದ್ ಎರರ್ ಸೈತ ಬರಲಿಲ್ಲ," ಎನ್ನುತ್ತಾರೆ.

ಮರುದಿನ ದೇವನಕೊಂಡದಲ್ಲಿ ಗಾದಿಲಿಂಗಮ್ಮನ ಹತ್ತಿ ಚೀಲಕ್ಕೆ ಕಾಟಾ ನಲವತ್ತೆರಡು ಎನ್ನುವ ಬದಲು ತೆಲುಗಿನಲ್ಲಿ 'ನಲಭೈ ರೆಂಡು' ಎಂದಿತು. ಕಣ್ಣು ಕಾಣದ ಅಜ್ಜಿ. ಬೀಗರ ಮನೆಯಲ್ಲಿ ಅರಳು ಹುರಿದಂತೆ ತೆಲುಗು ಮಾತಾಡುವ ಆಕೆ ಎಣಿಸುವುದು ಮಾತ್ರ ಕನ್ನಡದಲ್ಲಿ. ಇದೇನೋ ಮೋಸವೆಂದು ಚೀಲದ ಬಾಯಿ ಕಟ್ಟಿ ಮನೆಗೆ ವಾಪಸು ಹೊರಿಸಿದರು. ಸುದ್ದಿ ತಿಳಿದ ಚೇತನಾ ಅಂದೇ ಅದನ್ನು ಸರಿಪಡಿಸಿದರು, ಊಟ ಮಾತ್ರ ಸೇರಲಿಲ್ಲ.

"ಹೊಸಾ ಬಾಗ್ಲಾ ಎಷ್ಟಾರ ಇಡ್ರಿ, ಹಳೇದು ಇದ್ದಲ್ಲೇ ಇರ್ಬೇಕು. ಕಣ್ ಕಾಣದಾಕಿ ಅದನ್ನ ತಡವಿಕೆಂತ ಬರ್ತಾಳ," ಎನ್ನುವಾಗ ಅವರ ದನಿ ಈಗಲೂ ತಗ್ಗುತ್ತದೆ.

ಇಂದು ಸೇರಿಸುತ್ತಿರುವುದು ಹತ್ತಿಯ ತೇವ ಹೇಳುವ ಸೌಲಭ್ಯ. ಬೇಕೆಂದು ಕೇಳಿದ ಕಾಟಾ ಮಾತ್ರ ಅದನ್ನು ಹೇಳುತ್ತದೆ. ಕೇಳದ್ದಕ್ಕೆ ಹಳೆಯದೇ ಮಾತು. ಮೂವತ್ತಾರು ಪರೀಕ್ಷೆ ಮುಗಿಸಿ, ಗುಂಡನ್ನು ಅತ್ತೆಗೊಪ್ಪಿಸಿ, ಚೇತನಾ ದೇವನಕೊಂಡದ ಬಸ್ಸು ಹತ್ತುತ್ತಾರೆ. ಇದನ್ನು ಬರೆಯಲು ಬಂದ ನಾನೂ ಜೊತೆಗಿದ್ದೇನೆ.

ಗಾದಿಲಿಂಗಮ್ಮ ಚೀಲದ ಮೇಲೆ ಕೈಯಿಟ್ಟು ಕಿವಿಗೊಡುತ್ತಾರೆ. ಕಾಟಾ ಕನ್ನಡದಲ್ಲೇ ಹೇಳುತ್ತದೆ, 'ಮೂವತ್ತೆಂಟು ಕಿಲೋ.'

"ಏನೋ ಹೊಸಾದು ಹಾಕೀನಿ ಅಂದ್ಯಲ್ಲವ್ವಾ, ಎಲ್ಲೈತಿ? ಎಲ್ಲಾ ಮೊದ್ಲಿನಂಗ ಐತಲ್ಲ!"

ಚೇತನಾ ಆಕೆಯ ಕೈ ಹಿಡಿದುಕೊಳ್ಳುತ್ತಾರೆ. "ಹೌದಜ್ಜಿ, ಅದಾ ನನ್ ಕೆಲ್ಸ."