ಎಡಿಟರಮ್ಮನ ಹಳದಿ ಕೋಣೆ

ಬೀದಿಯವರೆಲ್ಲ ಅವಳನ್ನು ಎಡಿಟರಮ್ಮ ಎಂದೇ ಕರೆಯುವುದು. ಪತ್ರಿಕೆಯ ಎಡಿಟರಲ್ಲ, ವಿಡಿಯೊ ಎಡಿಟರು. ಶಾಲೆಯಲ್ಲೋ ಕಚೇರಿಯಲ್ಲೋ ಯಾರ್ಯಾರೋ ಕೈ ನಡುಗಿಸುತ್ತ ತೆಗೆದ ದೃಶ್ಯಗಳನ್ನು ಕತ್ತರಿಸಿ, ಜೋಡಿಸಿ, ಕಣ್ಣಿಟ್ಟು ನೋಡುವ ಹಾಗೆ ಮಾಡಿಕೊಡುವುದು ಅವಳ ಕೆಲಸ. ಮನೆಯ ಹಿಂದಿನ ಕೋಣೆಯೇ ಅವಳ ಸ್ಟುಡಿಯೊ.

ಬೇರೆ ಎಡಿಟರುಗಳ ಕಂಪ್ಯೂಟರು ಹಠ ಹಿಡಿದರೆ ಫೋನು ಬರುವುದೂ ಅವಳಿಗೇ. ಅವಳೂ ಬಿಗುಮಾನವಿಲ್ಲದೆ ಹೇಳಿಕೊಡುತ್ತಾಳೆ, ಬೈಗುಳ ಸಮೇತ. "ಡ್ರೈವ್ ಸತ್ತೋಯ್ತು ಅಂತ ಎದೆ ಬಡ್ಕೋಬೇಡ, ಮೊದಲು ಕೇಬಲ್ ಬದಲಾಯಿಸಿ ನೋಡು." "ಕೆಲಸ ಅರ್ಧದಲ್ಲಿರೋವಾಗ ಸಾಫ್ಟ್‌ವೇರ್ ಅಪ್‌ಡೇಟ್ ಮಾಡು ಅಂತ ನಿಂಗೆ ಯಾವ ಪುಣ್ಯಾತ್ಮ ಹೇಳಿದ?" "ಕಂಪ್ಯೂಟರ್ ಕುಂಟ್ತಿದ್ರೆ ಹೊಸದು ತರೋಕೆ ಓಡ್ಬೇಡ. ದೃಶ್ಯಗಳದ್ದು ಹಗುರವಾದ ಕಾಪಿ ಮಾಡ್ಕೊಂಡು ಅದ್ರಲ್ಲಿ ಎಡಿಟ್ ಮಾಡು, ಕೊನೇಲಿ ಅಸಲಿ ಫೈಲ್‌ಗೆ ಜೋಡಿಸು." ಇನ್ನು ಎಲ್ಲರಿಗೂ ತಪ್ಪದೆ ಹೇಳುವ ಮಾತೊಂದಿತ್ತು: "ಕೂರೋ ಕೋಣೆ ಗೋಡೆ ಬೂದು ಬಣ್ಣ ಇರ್ಲಿ. ಗೋಡೆ ಬಣ್ಣಕ್ಕೆ ಕಣ್ಣು ಒಗ್ಗಿಬಿಟ್ರೆ ಪರದೆ ಮೇಲಿನ ಬಣ್ಣ ತಪ್ಪಾಗಿ ಕಾಣ್ಸುತ್ತೆ."

ಇಂಥವಳು ಇದೇ ವಿಷಯದಲ್ಲಿ ಮುಗ್ಗರಿಸಿದಳು ಎಂದರೆ ಯಾರು ನಂಬುತ್ತಾರೆ? ಆದರೆ ಮುಗ್ಗರಿಸಿದ್ದು ತಿಳಿಯದೆ ಅಲ್ಲ, ದಾಕ್ಷಿಣ್ಯಕ್ಕೆ ಬಿದ್ದು. ದಾಕ್ಷಿಣ್ಯದಷ್ಟು ಕೆಟ್ಟ ಕಾಯಿಲೆ ಇನ್ನೊಂದಿಲ್ಲ ಬಿಡಿ.

ಆದದ್ದಿಷ್ಟು. ತವರಿಗೆ ಹೋಗಿ ವಾರ ಇದ್ದು ಬಂದವಳು ಕೋಣೆಯ ಬಾಗಿಲು ತೆಗೆದರೆ ನಾಲ್ಕೂ ಗೋಡೆ ಹಳದಿ. ಅಂತಿಂಥ ಹಳದಿಯಲ್ಲ, ಕಣ್ಣಿಗೆ ಹೊಡೆಯುವ ನಿಂಬೆಹಣ್ಣಿನ ಹಳದಿ. ಹಿಂದೆ ಅತ್ತೆ ನಿಂತಿದ್ದರು, ಕೂದಲಲ್ಲಿ ಇನ್ನೂ ಬಣ್ಣದ ಹನಿ.

"ದಿನಾ ಆ ಮಂಕು ಬೂದು ಗೋಡೆ ನೋಡ್ಕೊಂಡು ಕೂರ್ತೀಯಲ್ಲ, ನೋಡಿ ನೋಡಿ ನಂಗೇ ಬೇಜಾರಾಗೋದು. ಸ್ಟೂಲ್ ಹಾಕ್ಕೊಂಡು ನಾನೇ ಹೊಡ್ದೆ. ಹೇಗಿದೆ?"

ಅತ್ತೆ ಸೊಸೆ ಎಂದೂ ಜಗಳವಾಡಿದವರಲ್ಲ. ಹಾಗೆಂದು ಮನಸ್ಸು ಬಿಚ್ಚಿ ನಕ್ಕವರೂ ಅಲ್ಲ. ಮದುವೆಯಾಗಿ ಬಂದಾಗಿನಿಂದ ಇಬ್ಬರದೂ ನೆಂಟರ ಮನೆಯ ನಡವಳಿಕೆ: ಊಟ ಆಯ್ತಾ, ಆಯ್ತು, ಹೋಗಿ ಬರ್ಲಾ, ಹೋಗಿ ಬಾ. ಅಂಥ ಅತ್ತೆ ಮಂಡಿನೋವನ್ನೂ ಲೆಕ್ಕಿಸದೆ ಸ್ಟೂಲು ಹತ್ತಿದ್ದಾರೆ. ಈಗ "ಇದು ಬೇಡ" ಎಂದುಬಿಟ್ಟರೆ ಇಷ್ಟು ವರ್ಷಕ್ಕೆ ತೆರೆದ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

"ತುಂಬಾ ಚೆನ್ನಾಗಿದೆ ಅತ್ತೆ," ಎಂದಳು. ಇಷ್ಟು ವರ್ಷ ಪಳಗಿದ ಕಣ್ಣು, ಹೇಗೋ ಸುಧಾರಿಸಿಕೊಂಡರಾಯಿತು ಎಂದುಕೊಂಡಳು.

ಆಗ ಕೈಯಲ್ಲಿದ್ದದ್ದು ಒಂದು ಆಸ್ಪತ್ರೆಯ ಕೆಲಸ. ಅಲ್ಲಿನ ಹಿರಿಯ ನರ್ಸಮ್ಮನಿಗೆ ನಿವೃತ್ತಿ. ಬೀಳ್ಕೊಡುಗೆಯ ದಿನ ತೋರಿಸಲು ಕಿರಿಯ ನರ್ಸುಗಳು ಸೇರಿ ಚಿತ್ರ ಮಾಡಿಸುತ್ತಿದ್ದರು. ಎಡಿಟರಮ್ಮ ಹಳದಿ ಕೋಣೆಯಲ್ಲಿ ಕೂತು ನೋಡುತ್ತಾಳೆ, ಮುಖಗಳೆಲ್ಲ ರಕ್ತ ಬತ್ತಿದ ಹಾಗೆ ನೀಲಿ ನೀಲಿ. ಸ್ವಲ್ಪ ಬೆಚ್ಚನೆಯ ಬಣ್ಣ, ಅಂದರೆ ಹಳದಿ, ಸೇರಿಸಿದಳು. ಇನ್ನೂ ಸಾಲದೆನಿಸಿ ಮತ್ತಷ್ಟು ಸೇರಿಸಿದಳು. ಬಣ್ಣದ ಪ್ರಮಾಣ ತೋರಿಸುವ ಗ್ರಾಫು ಪರದೆಯಲ್ಲೇ ಇತ್ತು, ಅತ್ತ ತಿರುಗಿ ನೋಡಲಿಲ್ಲ. ಕಳಿಸಿಯೂಬಿಟ್ಟಳು.

ಮರುದಿನವೇ ಕಿರಿಯ ನರ್ಸಿನ ಫೋನು. "ಅಕ್ಕಾ, ಇದೇನಕ್ಕಾ, ನಮ್ಮ ವಾರ್ಡ್‌ನವ್ರಿಗೆಲ್ಲ ಕಾಮಾಲೆ ಬಂದಿದೆಯಲ್ಲ!"

ಎಡಿಟರಮ್ಮ ಆಡಿದ ಮೊದಲ ಮಾತು ಕೇಳಿ: "ನಿಮ್ಮ ಟೀವಿ ಸೆಟ್ಟಿಂಗ್ ನೋಡಿ."

"ಟೀವಿಲೂ ನೋಡಿದ್ವಿ, ಎಲ್ಲರ ಮೊಬೈಲಲ್ಲೂ ನೋಡಿದ್ವಿ. ಡಾಕ್ಟ್ರು ನೋಡಿದವ್ರೇ, ರಕ್ತ ಪರೀಕ್ಷೆ ಮಾಡ್ಸಿ ಅಂದ್ರು. ನಾಡಿದ್ದೇ ಕಾರ್ಯಕ್ರಮ ಅಕ್ಕಾ, ನಮ್ಮ ಮರ್ಯಾದೆ ಉಳಿಸಿ."

ಎಡಿಟರಮ್ಮನ ಮುಖ ಸಣ್ಣದಾಯಿತು. ಊರಿಗೆಲ್ಲ ಉಪದೇಶ ಮಾಡುವವಳ ಕೆಲಸದಲ್ಲಿ ಇಂಥ ತಪ್ಪು! ಲ್ಯಾಪ್‌ಟಾಪು ಎತ್ತಿಕೊಂಡು ಸದ್ದಿಲ್ಲದೆ ಹಜಾರದ ಊಟದ ಮೇಜಿಗೆ ಬಂದಳು. ಅಲ್ಲಿ ಸುಣ್ಣದ ಬಿಳಿ ಗೋಡೆ, ಹಗಲ ಬೆಳಕು. ಹಿರಿಯ ನರ್ಸಮ್ಮನ ಮುಖ ನಿಜಕ್ಕೂ ಹಳದಿಯಾಗಿತ್ತು.

"ಯಾಕಮ್ಮಾ ಇಲ್ಲಿಗೆ ಬಂದೆ? ಒಳಗೆ ಸೆಕೆನಾ?" ಅತ್ತೆ ಅಡುಗೆಮನೆಯಿಂದ ಬಂದರು.

"ಹೂಂ ಅತ್ತೆ, ಸ್ವಲ್ಪ ಸೆಕೆ."

ಅತ್ತೆಯ ಕಣ್ಣು ಪರದೆಯ ಮೇಲೆ ಬಿತ್ತು. "ಅಯ್ಯೋ, ಈಯಮ್ಮನಿಗೇನಾಯ್ತು? ನಿನ್ನೆ ನಾನು ಟೀ ಕೊಡೋಕೆ ನಿನ್ನ ಕೋಣೆಗೆ ಬಂದಾಗ ಇದ್ರಲ್ಲೇ ನೋಡಿದ್ನಲ್ಲ, ಗುಂಡುಕಲ್ಲಿನ ಹಾಗಿದ್ರು." ಅತ್ತೆ ಲ್ಯಾಪ್‌ಟಾಪನ್ನು ತಾವೇ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದರು. ಸ್ವಲ್ಪ ಹೊತ್ತು ಅಲ್ಲೇ ಕೂತು ನೋಡಿದರು. ಮತ್ತೆ ಹಜಾರಕ್ಕೆ ತಂದು ನೋಡಿದರು: ಅಲ್ಲಿ ಗುಂಡುಕಲ್ಲು, ಇಲ್ಲಿ ಕಾಮಾಲೆ. ಆಮೇಲೆ ಮೆಲ್ಲಗೆ ಮೇಜಿನ ಮೇಲಿಟ್ಟು ಕೇಳಿದರು:

"ನನ್ನ ಬಣ್ಣದಿಂದಾನಾ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಡಿಟರಮ್ಮ ತೊದಲುತ್ತಲೇ ಎಲ್ಲವನ್ನೂ ಹೇಳಿದಳು.

"ನಿಂಗೆ ಮೊದಲ ದಿನವೇ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ. ನಿಮಗೆ ನೋವಾಗುತ್ತೆ ಅಂತ…"

ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ದನಿ ಏರಿಸಲಿಲ್ಲ.

"ಇದೇ ಬಣ್ಣ ನಿಮ್ಮಮ್ಮ ಹೊಡೆದಿದ್ರೆ ಏನ್ಮಾಡ್ತಿದ್ದೆ? ಅವತ್ತೇ ಕೂಗಾಡ್ತಿದ್ದೆ ತಾನೆ?"

ನಿಜ. ಸೂರು ಹಾರಿಹೋಗುವ ಹಾಗೆ ಕೂಗಾಡುತ್ತಿದ್ದಳು. ಅಮ್ಮನೂ ತಿರುಗಿ ಬೈಯುತ್ತಿದ್ದರು, ಸಂಜೆಗೆ ಇಬ್ಬರೂ ಮರೆಯುತ್ತಿದ್ದರು.

"ನಂಗೆ ನೋವಾಗಿದ್ದು ಗೋಡೆಗಲ್ಲ ಕಣೆ," ಎಂದರು ಅತ್ತೆ. "ನನ್ನ ಮೇಲೆ ಕೂಗಾಡೋಕೂ ನಿಂಗೆ ಮನಸ್ಸು ಬರ್ಲಿಲ್ವಲ್ಲ, ಅದಕ್ಕೆ."

ಅಷ್ಟು ಹೇಳಿ, ಕಣ್ಣೊರೆಸಿಕೊಂಡು, "ಸರಿ, ಈಗ ಆ ನರ್ಸಮ್ಮನ್ನ ಉಳಿಸು," ಎಂದು ಪಕ್ಕಕ್ಕೇ ಬಂದು ಕೂತರು. ಸೊಸೆ ಗ್ರಾಫು ನೋಡಿ ನೋಡಿ ಹಳದಿ ಇಳಿಸುತ್ತ ಹೋದಳು. ಅತ್ತೆ ಒಂದೊಂದು ಮುಖಕ್ಕೂ "ಇವಳು ಹುಷಾರಾದ್ಲು, ಇವಳಿನ್ನೂ ಇಲ್ಲ" ಎಂದು ತೀರ್ಪು ಕೊಟ್ಟರು. ಸಂಜೆಯೊಳಗೆ ವಾರ್ಡಿಗೆ ವಾರ್ಡೇ ಗುಣವಾಯಿತು. ಕಿರಿಯ ನರ್ಸು ಫೋನು ಮಾಡಿ, "ಈಗ ನಮ್ಮ ಸಿಸ್ಟರ್ ಥೇಟ್ ಸಿಸ್ಟರ್ ಥರಾನೇ ಇದಾರಕ್ಕಾ," ಎಂದಳು.

ಭಾನುವಾರ ಬೂದು ಬಣ್ಣದ ಡಬ್ಬ ಬಂತು. ಗಂಡ ಹಳೆ ಪತ್ರಿಕೆ ಹಾಸಿಕೊಟ್ಟು, ಇಬ್ಬರ ನಡುವೆ ತನಗೇನು ಕೆಲಸ ಎಂದು ಜಾಗ ಖಾಲಿ ಮಾಡಿದ. ಸ್ಟೂಲಿನ ಮೇಲೆ ಸೊಸೆ, ಕೆಳಗಿನ ಅರ್ಧಕ್ಕೆ ಅತ್ತೆ. ಊಟದ ಹೊತ್ತಿಗೆ ಕೆಲಸ ಮುಗಿಯುತ್ತ ಬಂತು. ಕಿಟಕಿಯ ಕೆಳಗೆ ಒಂದು ಪಟ್ಟಿ ಹಳದಿ ಹಾಗೇ ಉಳಿದಿತ್ತು. ಎಡಿಟರಮ್ಮ ನೋಡಿದಳು, ಇರಲಿ, ಆಮೇಲೆ ನಾನೇ ಬಳಿದರಾಯಿತು ಎಂದುಕೊಂಡಳು. ಮರುಕ್ಷಣವೇ ಉಸಿರೆಳೆದುಕೊಂಡು, ಜೀವನದಲ್ಲಿ ಮೊದಲ ಸಲ ಅತ್ತೆಯ ಮೇಲೆ ದನಿ ಏರಿಸಿದಳು:

"ಏನತ್ತೆ ಇದು! ಕಿಟಕಿ ಕೆಳಗೆ ಅಷ್ಟಗಲ ಬಿಟ್ಟಿದೀರ, ಕಣ್ಣು ಕಾಣ್ಸಲ್ವಾ?"

ಅತ್ತೆ ಬ್ರಷ್ಷು ಹಿಡಿದವರೇ ತಿರುಗಿದರು. ಅವರ ಮುಖ ಅರಳಿತ್ತು.

"ಕಾಣ್ಸುತ್ತೆ ಕಣೆ," ಎಂದರು, ಅವಳಿಗಿಂತ ಗಟ್ಟಿಯಾಗಿ. "ಬಾಯಿ ಬಿಡ್ತೀಯೋ ಇಲ್ವೋ ನೋಡೋಣ ಅಂತ ಬಿಟ್ಟಿದ್ದೆ!"